ಬಾಣಂತಿಗೆ ಒಂದು ಚರಿಗೆ ನೀರು

ಬ್ಯಾಡಗಿಯ ಯೂಸುಫಸಾಬರ ಮನೆಯಲ್ಲಿ ಮಕ್ಕಳು ತೆಳ್ಳಗಿರುವುದೆಂದರೆ ಮನೆಯ ಹೆಂಗಸರ ಮುಖಕ್ಕೆ ಮಸಿ ಬಳಿದ ಹಾಗೆ. ಮೆಣಸಿನಕಾಯಿ ದಲಾಲಿ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು, ಅಡುಗೆಮನೆಯಲ್ಲಿ ತುಪ್ಪಕ್ಕೆ ಬರವಿರಲಿಲ್ಲ, ಶುಕ್ರವಾರ ಬಂತೆಂದರೆ ಕಾಲುಸೂಪಿನ ವಾಸನೆ ಓಣಿಯ ಆ ತುದಿಗೂ ಮುಟ್ಟುತ್ತಿತ್ತು. ಇಷ್ಟಿದ್ದೂ ಹುಟ್ಟಿದ ಎರಡು ಮಕ್ಕಳು ಬಿದಿರುಗಳದಂತೆ ಉದ್ದಕ್ಕೆ ಬೆಳೆದವೇ ಹೊರತು ಮೈಮೇಲೆ ತೊಲ ಮಾಂಸ ಕಟ್ಟಲಿಲ್ಲ. ಮಗ ಮೆಹಬೂಬ ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಿತ್ತು. ಮಗಳು ಜುಬೇದಾಳ ಬೆರಳುಗಳೋ, ಬಳೆಗಾರ ಕೂಡ ಹಿಡಿದು ನೋಡಿ, "ಏನವ್ವಾ, ಇಷ್ಟುದ್ದ ಬೆಳ್ಳು!" ಎನ್ನುತ್ತಿದ್ದ.

ಅವರ ತಾಯಿ ಮುಮ್ತಾಜಬಿಗೆ ಇದೇ ಚಿಂತೆ. ಬಂದವರು ಹೋದವರು ಮಕ್ಕಳನ್ನು ನೋಡಿ, ಆಮೇಲೆ ಅವಳನ್ನು ನೋಡುವರು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಅತ್ತೆ ರಹಿಮತಬಿ ಬೇರೆ ಯಾರೋ ಆಗಿದ್ದರೆ ಒಂದು ಮಾತು. ಆಕೆ ಮುಮ್ತಾಜಬಿಯ ತಂದೆಯ ಸ್ವಂತ ತಂಗಿ. ಫುಪ್ಪು ಎಂದು ಕರೆಯುತ್ತ ಆಕೆಯ ಮಡಿಲಲ್ಲಿ ಆಡಿ ಬೆಳೆದು, ಆಕೆಯ ಮಗ ಯೂಸುಫಸಾಬನನ್ನೇ ಮದುವೆಯಾಗಿ ಬಂದವಳು ಇವಳು. ಹಾಗಾಗಿ ಆ ಮನೆಯಲ್ಲಿ ಅತ್ತೆ ಸೊಸೆ ಜಗಳ ಇರಲಿಲ್ಲ. ಇಬ್ಬರೂ ಕೂಡಿ ಮಕ್ಕಳಿಗೆ ತಿನ್ನಿಸುತ್ತಿದ್ದರು. ಸೂಪು, ಖೀಮಾ ಅಜ್ಜಿಯ ಪಾಲು. ಮುಂಜಾನೆಯ ತತ್ತಿ ಮತ್ತು ಹಾಲು ತಾಯಿಯ ಪಾಲು. ಮೆಹಬೂಬ ಅಂಗಡಿಗೆ ಹೊರಟು ನಿಂತಾಗ ಮುಮ್ತಾಜಬಿ ಕುದಿಸಿದ ತತ್ತಿಯ ಸಿಪ್ಪೆ ಸುಲಿದು, ಮೆಣಸಿನ ಪುಡಿ ಉದುರಿಸಿ, ಒಂದಾದ ಮೇಲೊಂದು ಅವನ ಬಾಯಿಗೇ ಇಡುವಳು. "ಸಾಕ ಬಿಡಮ್ಮಾ, ವಾಕರಿಕಿ ಬರ್ತೈತಿ" ಎಂದರೂ ಬಿಡುತ್ತಿರಲಿಲ್ಲ.

ಎಂಬತ್ತೇಳನೆಯ ಇಸವಿಯ ಸುಗ್ಗಿಯಲ್ಲಿ ಆ ಮೆಹಬೂಬ ಅಂಗಡಿಯ ಅಂಗಳದಲ್ಲಿ ಚೀಲಗಳ ನಡುವೆ ಕುಸಿದು ಬಿದ್ದ. ಬಲಗಡೆ ಮೈಯೆಲ್ಲ ಸತ್ತು ಹೋಗಿತ್ತು, ಬಾಯಿ ವಾರೆಯಾಗಿತ್ತು. ಹುಬ್ಬಳ್ಳಿಗೆ ಒಯ್ದರು, ವಾರದೊಳಗೆ ತಿರುಗಿ ತಂದರು, ಮಣ್ಣು ಮಾಡಿದರು. ಹತ್ತೊಂಬತ್ತರ ಹುಡುಗನಿಗೆ ಲಕ್ವಾ ಹೊಡೆಯುವುದೆಂದರೇನು! ಅಜ್ಜಂದಿರಿಗೆ ಬರುವ ರೋಗ ಮೊಮ್ಮಗನಿಗೆ ಬಂದರೆ ಊರು ಸುಮ್ಮನಿರುತ್ತದೆಯೇ? ದೃಷ್ಟಿ ತಾಗಿತು ಎಂದರು, ಹುಣಸೆಮರದ ಕೆಳಗೆ ಗಾಳಿ ಬಡಿಯಿತು ಎಂದರು, ಮೆಣಸಿನಕಾಯಿ ಘಾಟು ನೆತ್ತಿಗೇರಿತು ಎಂದರು. ಊರ ಬಾಯಿಗೆ ಬೀಗ ಎಲ್ಲಿಂದ ತರೋಣ?

ಮಗ ಹೋದ ಮೇಲೆ ಮುಮ್ತಾಜಬಿ ಏನು ಮಾಡಿದಳು ಅಂತೀರಿ? ಅವನ ಪಾಲಿನ ತತ್ತಿಯನ್ನೂ ಜುಬೇದಾಳಿಗೇ ತಿನ್ನಿಸತೊಡಗಿದಳು. ಉಳಿದದ್ದು ಇದೊಂದೇ, ಇದಾದರೂ ಗಟ್ಟಿಯಾಗಲಿ ಎಂದು.

ಮರುವರ್ಷ ಜುಬೇದಾಳ ಕಣ್ಣು ಮಂಜಾಗತೊಡಗಿತು. ಚಾಳೀಸು ಬದಲಿಸಿ ಬದಲಿಸಿ ಸಾಕಾಗಿ, ಗಂಡ ಹೆಂಡತಿ ಅವಳನ್ನು ರಾಣೆಬೆನ್ನೂರಿನ ಕಣ್ಣಿನ ಡಾಕ್ಟರ್ ಅಂದಾನೆಪ್ಪನವರ ಹತ್ತಿರ ಕರೆದೊಯ್ದರು. ಅವರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನೊಳಗಿನ ಮಸೂರ ಎರಡೂ ಕಡೆ ಜಾರಿ ಕೆಳಗಿಳಿದಿತ್ತು. ಆಮೇಲೆ ಅವಳ ಬೆರಳುಗಳನ್ನು ಹಿಡಿದು ನೋಡಿ, ತಾಯಿಯ ಕಡೆ ತಿರುಗಿದರು.

"ಗಂಡ ಹೆಂಡ್ತಿ ನೀವು ಸಂಬಂಧದಾಗ ಆಗೇರೇನು?"

"ಹೌದ್ರಿ. ನಮ್ಮ ಸ್ವಾದರತ್ತಿ ಮಗ."

"ಬ್ಯಾರೆ ಮಕ್ಕಳು?"

"ಒಬ್ಬ ಮಗ ಇದ್ದ," ಎಂದು ಯೂಸುಫಸಾಬ ಹೇಳಿದ. ಲಕ್ವಾ ಹೊಡೆದು ಹೋದ ಎಂದೂ ಹೇಳಿದ. ಡಾಕ್ಟರ್ ತಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಜುಬೇದಾಳ ಮೂತ್ರವನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸುವುದಾಗಿ ಹೇಳಿದರು.

ಉತ್ತರ ಬಂದ ದಿನ ಜುಬೇದಾಳನ್ನು ಹೊರಗಿನ ಬಾಕಿನ ಮೇಲೆ ಕೂರಿಸಿ, ತಂದೆ ತಾಯಿಯನ್ನಷ್ಟೇ ಒಳಗೆ ಕರೆದರು.

"ಮಾಂಸ, ತತ್ತಿ, ಹಾಲು, ಇವುಗಳಾಗ ಅಮೈನೋ ಆಮ್ಲ ಅಂತ ಇರ್ತಾವ," ಎಂದರು. "ಅವು ಎಲ್ಲಾರಿಗೂ ಬೇಕು. ಅದರಾಗ ಒಂದರ ಹೆಸರು ಮೀಥಿಯೊನೀನ್. ನಮ್ಮ ಮೈ ಅದನ್ನ ಹಂತ ಹಂತವಾಗಿ ಕರಗಿಸಿ ಹೊರಗ ಹಾಕತೈತಿ. ನಿಮ್ಮ ಮಗಳ ಮೈಯಾಗ ನಡುವಿನ ಒಂದು ಹಂತ ನಿಂತು ಹೋಗೇತಿ. ಯೂಸುಫಸಾಬ್ರ, ನಿಮ್ಮ ಅಂಗಡಿಗೆ ಚೀಲ ಬರ್ತಾವ, ತೂಗೋನು ತೂಗ್ತಾನ. ಎತ್ತಿ ಲಾರಿಗೆ ಹಾಕೋ ಹಮಾಲರು ಬರಲಿಲ್ಲ ಅಂದ್ರ ಏನಾಗತೈತಿ?"

"ಅಂಗಳ ತುಂಬತೈತಿ. ಗಾಡಿ ಒಳಗ ಬರಂಗಿಲ್ಲ, ಹೊರಗ ಹೋಗಂಗಿಲ್ಲ."

"ಇಲ್ಲೂ ಹಂಗ. ಹೊರಗ ಹೋಗಬೇಕಾದ ಮಾಲು, ಹೋಮೊಸಿಸ್ಟೀನ್ ಅಂತಾರ ಅದಕ್ಕ, ಅದು ರಕ್ತದಾಗ ಉಳಿದು ಬಿಡತೈತಿ. ತಿರಗಿ ತಿರಗಿ ರಕ್ತನಾಳದ ಒಳಮೈಯನ್ನ ಕೆಡಸತೈತಿ. ಕೆಟ್ಟ ಜಾಗಾದಾಗ ರಕ್ತ ಹೆಪ್ಪುಗಟ್ಟತೈತಿ. ಮುಪ್ಪಿನಾಗ ಆಗೋದು ಇವರಿಗೆ ಹರೇದಾಗ ಆಗತೈತಿ. ಆದ್ರ ಈಕೀಗೆ ಔಷಧ ಐತಿ. ಬಿ ಆರು ಅಂತ ವಿಟಮಿನ್ ಮಾತ್ರೆ, ದೊಡ್ಡ ಪ್ರಮಾಣದಾಗ, ದಿನಾ. ಮಲಗಿದ ಹಮಾಲನ್ನ ಎಬ್ಬಿಸಿ ಕೆಲಸಕ್ಕ ಹಚ್ಚಿದಂಗ. ಅದರ ಜೋಡಿ ಮಾಂಸ ತತ್ತಿ ಬಂದ್ ಮಾಡ್ರಿ, ಹಾಲು ಕಡಿಮಿ ಮಾಡ್ರಿ. ರೊಟ್ಟಿ, ಅನ್ನ, ಕಾಯಿಪಲ್ಯಾ ತಿನ್ನಲಿ. ನೀರು ಭಾಳ ಕುಡೀಲಿ."

ಮುಮ್ತಾಜಬಿಗೆ ಇದರಲ್ಲಿ ಅರ್ಧ ತಲೆಗೆ ಹೋಯಿತು, ಅರ್ಧ ಎದೆಗೆ ಹೋಯಿತು. ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಕೇಳಿದಳು. "ಮೆಹಬೂಬಗೂ ಇದ ಆಗಿತ್ತೇನ್ರಿ?"

"ಈಗ ಖಚಿತ ಹೇಳಾಕ ಬರಂಗಿಲ್ಲ. ಆದ್ರ ಇದ ಇದ್ದಿರಬೇಕು ಅನಸತೈತಿ."

"ತತ್ತಿ ತಿಂದ್ರ ಇದು ಜಾಸ್ತಿ ಆಗತೈತೇನ್ರಿ?"

ಡಾಕ್ಟರ್ ಪೆನ್ನಿನ ಟೊಪ್ಪಿಗೆ ತೆಗೆದರು, ಹಾಕಿದರು. "ನಿಮಗ ಗೊತ್ತಿರಲಿಲ್ಲವ್ವಾ," ಎಂದರು.

ಒಳ್ಳೆಯ ಮನುಷ್ಯ, ಸಮಾಧಾನಕ್ಕೆ ಅಂದ ಮಾತು. ಆದರೆ ಮುಮ್ತಾಜಬಿಗೆ ಬೇಕಾದ ಉತ್ತರ ಅದರಲ್ಲೇ ಇತ್ತು. ಬಸ್ಸು ಬ್ಯಾಡಗಿ ಮುಟ್ಟುವವರೆಗೂ ಅವಳು ತನ್ನ ಬಲಗೈಯನ್ನೇ ನೋಡುತ್ತ ಕುಳಿತಳು. ಸಾಕು ಬಿಡಮ್ಮಾ ಎಂದು ಮಗ ತಲೆ ತಿರುಗಿಸುತ್ತಿದ್ದ. ಈ ಕೈ ಬಿಟ್ಟಿರಲಿಲ್ಲ. ಅವಳಿಗೆ ಬಸ್ಸಿನಿಂದ ಹಾರಿಬಿಡಬೇಕು ಅನಿಸಿತು. ಪಕ್ಕದಲ್ಲಿ ಕಿಟಕಿಗೆ ತಲೆಯಾನಿಸಿ ಜುಬೇದಾ ನಿದ್ದೆ ಮಾಡುತ್ತಿದ್ದಳು, ಅದಕ್ಕೇ ಹಾರಲಿಲ್ಲ.

ಇಳಿಯುವಾಗ ಯೂಸುಫಸಾಬ ಮೆಲ್ಲಗೆ ಹೇಳಿದ. "ಮೆಹಬೂಬನ ವಿಷಯ ನಮ್ಮ ಅಮ್ಮಗ ಹೇಳಬ್ಯಾಡ. ಸೂಪು ಕುಡಿಸಿ ಕುಡಿಸಿ ಬೆಳಿಸಿದಾಕಿ. ಕೇಳಿದ್ರ ಎದಿ ಒಡಕೊಂಡು ಸಾಯ್ತಾಳ."

ಮುಮ್ತಾಜಬಿ ಆಯಿತು ಎಂದು ತಲೆಯಾಡಿಸಿದಳು. ಮುದುಕಿಯ ಮೇಲಿನ ಕನಿಕರದಿಂದಲೇ ತಲೆಯಾಡಿಸಿದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಮಾತನ್ನು ಬಾಯಿಬಿಟ್ಟು ಹೇಳುವ ಕೆಲಸ ತಪ್ಪಿತಲ್ಲ ಎಂದು ಅವಳಿಗೆ ಒಳಗೊಳಗೇ ನೆಮ್ಮದಿಯಾಯಿತು, ಆ ನೆಮ್ಮದಿಗೆ ನಾಚಿಕೆಯೂ ಆಯಿತು.

ಮನೆಗೆ ಬಂದು ಮಾಂಸ ತತ್ತಿ ಬಂದ್ ಎಂದದ್ದೇ ತಡ, ರಹಿಮತಬಿ ಹೌಹಾರಿದಳು. ಆ ಮನೆಯಲ್ಲಿ ಒಳಗೆ ಉರ್ದು, ಓಣಿಗೆ ಇಳಿದರೆ ಕನ್ನಡ, ಸಿಟ್ಟು ಬಂದರೆ ಎರಡೂ.

"ತೌಬಾ ತೌಬಾ! ಎಲುಬಿಗೆ ತೊಗಲು ಸುತ್ತಿದಂಗ ಐತಿ ಹುಡುಗಿ, ಅದರ ಬಾಯಾಗಿಂದ ತುತ್ತು ಕಸಕೋ ಅಂತಾನೇನು ನಿಮ್ಮ ಡಾಕ್ಟರ? ಸುಳ್ಳು! ಶುದ್ಧ ಸುಳ್ಳು! ತತ್ತಿ ತಿಂದು ಯಾರರೆ ಸತ್ತಾರೇನು ಲೋಕದಾಗ?" ಎನ್ನುತ್ತ ಮುಮ್ತಾಜಬಿಯ ಮುಖವನ್ನೇ ದುರುಗುಟ್ಟಿ ನೋಡಿದಳು. ಮುಮ್ತಾಜಬಿ ಕಣ್ಣು ತಪ್ಪಿಸಿ ಒಳಗೆ ಹೋದಳು. ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ.

ಅಲ್ಲಿಂದ ಮುಂದೆ ಶುರುವಾಯಿತು ನೋಡಿ ಕಳ್ಳಾಟ. ಪಕ್ಕದ ಮನೆಯ ಸಿದ್ದವ್ವ ಲಿಂಗಾಯತರಾಕೆ, ಮುಮ್ತಾಜಬಿಗೆ ಅಕ್ಕನಂಥವಳು. ಕಥೆಯೆಲ್ಲ ಕೇಳಿ, "ಅಯ್ಯ, ಇದಕ್ಯಾಕ ಇಷ್ಟು ಚಿಂತಿ? ನಮ್ಮ ಮನ್ಯಾಗ ಸಾವಿರ ವರ್ಷದಿಂದ ತತ್ತಿ ಇಲ್ಲ. ಕಳಸು ಇಲ್ಲಿಗೆ ಹುಡುಗೀನ," ಎಂದಳು. ಜುಬೇದಾ ಕಸೂತಿ ಕಲಿಯುವ ನೆವದಲ್ಲಿ ಹೋಗಿ ಬಿಸಿ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ ತಿಂದು ಬರುವಳು. ಮನೆಯಲ್ಲಿ ಅಜ್ಜಿ ತಟ್ಟೆಗೆ ಹಾಕಿದ್ದು ತಾಯಿಯ ಕೈಯಿಂದ ಬೆಕ್ಕಿನ ಪಾಲಾಗುವುದು. ಆ ವರ್ಷ ಓಣಿಯ ಬೆಕ್ಕುಗಳೆಲ್ಲ ಪೈಲವಾನರಾದವು. ಮಾತ್ರೆ ನುಂಗಿ ಅರ್ಧ ವರ್ಷದ ಮೇಲೆ ಪರೀಕ್ಷೆ ಮಾಡಿಸಿದರೆ ಡಾಕ್ಟರ್ ನಕ್ಕರು. ಪೂರ್ತಿ ಹೋಗಿಲ್ಲ, ಬಹಳ ಇಳಿದಿದೆ ಎಂದರು. ಮುಮ್ತಾಜಬಿ ಅವರ ಮೇಜಿನ ಮುಂದೆಯೇ ಅತ್ತುಬಿಟ್ಟಳು.

ತೊಂಬತ್ತೊಂದರಲ್ಲಿ ಜುಬೇದಾಳ ಮದುವೆಯಾಯಿತು. ಮತ್ತೆ ಸಂಬಂಧದೊಳಗೆ ಬೇಡವೇ ಬೇಡ ಎಂದು ಮುಮ್ತಾಜಬಿ ಹಠ ಹಿಡಿದು, ಹೊರಗಿನ ಹುಡುಗನನ್ನೇ ಹುಡುಕಿಸಿದ್ದಳು. ಹಾವೇರಿಯ ಇಸಾಕಸಾಬ, ಬಟ್ಟೆ ಅಂಗಡಿಯವನು, ಮೆತ್ತನೆಯ ಮನುಷ್ಯ. ಮಾತ್ರೆಗಳು ಕಣ್ಣಿಗೆ ಎಂದಷ್ಟೇ ಬೀಗರಿಗೆ ಹೇಳಿದ್ದರು. ಮುಂದಿನ ವರ್ಷ ಜುಬೇದಾ ಬಸುರಾಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಮುಮ್ತಾಜಬಿ ಮತ್ತೆ ರಾಣೆಬೆನ್ನೂರಿಗೆ ಓಡಿದಳು.

ಡಾಕ್ಟರ್ ಅಂದಾನೆಪ್ಪ ಈ ಸಲ ನಗಲಿಲ್ಲ. "ಹೆರಿಗಿಕಿಂತ ಹೆರಿಗಿ ಆದಮ್ಯಾಲಿನ ಒಂದೂವರೆ ತಿಂಗಳು ನನಗ ಅಂಜಿಕಿ ಐತಿ. ಬಾಣಂತ್ಯಾರ ರಕ್ತ ಮೊದಲ ಲಗೂ ಹೆಪ್ಪುಗಟ್ಟತೈತಿ, ಅದರಾಗ ಈಕಿಗೆ ಈ ಬ್ಯಾನಿ. ಹುಬ್ಬಳ್ಳಿ ದೊಡ್ಡ ಆಸ್ಪತ್ರಿಯಾಗ ತೋರಸ್ರಿ, ಚೀಟಿ ಬರದು ಕೊಡ್ತೀನಿ. ಮನ್ಯಾಗ ಮಾತ್ರೆ ಬಿಡಸಬ್ಯಾಡ್ರಿ. ನೀರು ಕುಡಸ್ರಿ, ಅಡ್ಡಾಡಸ್ರಿ, ಮಾಂಸ ತತ್ತಿ ಮುಟ್ಟಸಬ್ಯಾಡ್ರಿ. ತಲಿನೋವು ಬಂತು, ಕಾಲು ಬಾತು ಅಂದ್ರ ಒಂದು ತಾಸೂ ತಡಾ ಮಾಡಬ್ಯಾಡ್ರಿ. ಗೊತ್ತಾತೇನವ್ವಾ?"

ಗೊತ್ತಾಗದೆ ಏನು? ಅವರು ಒಂದೊಂದು ಮಾತು ಹೇಳಿದಾಗಲೂ ಮುಮ್ತಾಜಬಿಯ ಕಣ್ಣ ಮುಂದೆ ತನ್ನ ಮನೆಯ ಬಾಣಂತಿ ಕೋಣೆ ನಿಂತಿತ್ತು. ಅಲ್ಲಿಯ ಪದ್ಧತಿ ಇದಕ್ಕೆ ತದ್ವಿರುದ್ಧ. ಚಿಲ್ಲಾ ಎಂದರೆ ನಲವತ್ತು ದಿನ. ಬಾಣಂತಿ ಹೊರಸಿನಿಂದ ಇಳಿಯುವಂತಿಲ್ಲ. ಕಿವಿಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಮುಂಜಾನೆ ತುಪ್ಪದಲ್ಲಿ ಹುರಿದ ತತ್ತಿ, ಮಧ್ಯಾಹ್ನ ಕಾಲುಸೂಪು, ಸಂಜೆಗೆ ರವೆ, ತುಪ್ಪ, ಒಣಹಣ್ಣು ಹಾಕಿ ಹಾಲಿನಲ್ಲಿ ಕುದಿಸಿದ ಅಚ್ವಾನಿ. ಮತ್ತೆ ನೀರು? ನೀರೊಂದನ್ನು ಮಾತ್ರ ಕೇಳಬೇಡಿ. ಹಸಿ ಮೈಗೆ ನೀರು ಕುಡಿಸಿದರೆ ಹೊಟ್ಟೆ ಜೋತು ಬೀಳುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಲಿಂಗಾಯತರೇ ಇರಲಿ, ಮುಸಲ್ಮಾನರೇ ಇರಲಿ, ಈ ಒಂದು ವಿಷಯದಲ್ಲಿ ಬ್ಯಾಡಗಿಯ ಹೆಂಗಸರಲ್ಲಿ ಭೇದವಿರಲಿಲ್ಲ.

ಹಾವೇರಿ ಆಸ್ಪತ್ರೆಯಲ್ಲಿ ಹೆರಿಗೆ ಸುಸೂತ್ರವಾಯಿತು. ಹೆಣ್ಣು ಕೂಸು, ದುಂಡಗೆ. "ನೋಡ್ರಿ, ನನ್ನ ಸೂಪಿನ ಕರಾಮತ್ತು," ಎಂದು ರಹಿಮತಬಿ ಊರಿಗೆಲ್ಲ ಸಕ್ಕರೆ ಹಂಚಿದಳು. ದೊಡ್ಡ ಆಸ್ಪತ್ರೆಯ ಮಾತು ಎತ್ತಿದರೆ, "ಹಡದು ಕೈಕಾಲು ಬಿಡಿಸಿಕೊಂಡು ಕುಂತಾಳ, ಇನ್ನ್ಯಾತರ ಆಸ್ಪತ್ರಿ?" ಎಂದಳು. ಯೂಸುಫಸಾಬನೂ ಸುಗ್ಗಿ ಮುಗಿಯಲಿ ಎಂದ. ಮುಮ್ತಾಜಬಿ ಸುಮ್ಮನಾದಳು. ಮನೆಯಲ್ಲೇ ನೋಡಿಕೊಳ್ಳುತ್ತೇನೆ, ಇಷ್ಟು ವರ್ಷ ನೋಡಿಕೊಂಡಿಲ್ಲವೇ ಎಂದುಕೊಂಡಳು.

ಮೊದಮೊದಲು ನಡೆಯಿತು ಕೂಡ. ಮುದುಕಿ ನಮಾಜಿಗೆ ಕುಳಿತಾಗ ಇವಳು ಕೋಣೆಗೆ ನುಗ್ಗಿ, ಮಗಳಿಗೆ ಮಾತ್ರೆ ನುಂಗಿಸಿ, ನೀರು ಕುಡಿಸಿ, ಗೋಡೆ ಹಿಡಿಸಿ ನಾಲ್ಕು ಹೆಜ್ಜೆ ನಡೆಸುವಳು. ಸೂಪನ್ನು ಬಚ್ಚಲಿಗೆ ಸುರಿಯುವಳು. ಜುಬೇದಾ ಬಾಯಿ ಮುಚ್ಚಿ ನಗುವಳು. "ಅಮ್ಮಾ, ದಾದಿಮಾ ಬಂದ್ರ ನಿನ್ನ ಬಡೀತಾಳ ನೋಡು!"

ಆಮೇಲೆ ಕೂಸಿಗೆ ನೆಗಡಿಯಾಯಿತು.

ಕೂಸುಗಳಿಗೆ ನೆಗಡಿ ಆಗುವುದಿಲ್ಲವೇ? ಆಗುತ್ತದೆ. ಆದರೆ ಆ ರಾದ್ಧಾಂತ ನೋಡಬೇಕಿತ್ತು. ರಹಿಮತಬಿ ಹೊರಸಿನ ಕೆಳಗೆ ಬಗ್ಗಿ ಅರ್ಧ ನೀರಿದ್ದ ಚರಿಗೆ ಹೊರಗೆಳೆದಳು. "ಯಾರಿಟ್ಟಾರ ಇದನ್ನ? ಕೂಸಿನ ಎದಿ ಗೊರಗೊರ ಅನ್ನಾಕತ್ತೇತಿ, ಕೇಳಸ್ತದೇನು ನಿನಗ?" ಕೊನೆಗೆ ಸಿದ್ದವ್ವ ಕೂಡ, ಅಷ್ಟು ವರ್ಷ ಗುಟ್ಟು ಕಾಯ್ದ ಸಿದ್ದವ್ವ ಕೂಡ, ಮುಮ್ತಾಜಬಿಯನ್ನು ಬದಿಗೆ ಕರೆದು, "ತಂಗಿ, ತತ್ತಿ ಬ್ಯಾಡ, ಹೌದು. ಆದ್ರ ಹಸಿ ಬಾಣಂತಿಗೆ ನೀರು ಕುಡಸ್ತಾರೇನ ಯಾರರೆ?" ಎಂದಳು.

ರಹಿಮತಬಿ ಅವತ್ತಿನಿಂದ ತನ್ನ ಹಾಸಿಗೆಯನ್ನು ಬಾಣಂತಿ ಕೋಣೆಯ ಹೊಸ್ತಿಲಿಗೇ ತಂದುಹಾಕಿದಳು. ನಮಾಜೂ ಅಲ್ಲೇ, ಊಟವೂ ಅಲ್ಲೇ. ತತ್ತಿ, ಸೂಪು, ಅಚ್ವಾನಿ ಎಲ್ಲ ತನ್ನ ಕೈಯಾರೆ ತಿನ್ನಿಸುವಳು. ಮಾತ್ರೆ ಹಾಲಿಗಿಳಿದು ಕೂಸಿಗೆ ನಂಜಾಗುತ್ತದೆ ಎಂದು ಡಬ್ಬಿಯನ್ನು ತನ್ನ ಸಂದೂಕಿನಲ್ಲಿಟ್ಟು ಕೀಲಿ ಹಾಕಿದಳು.

ಮುಮ್ತಾಜಬಿ ಬೇಡಿಕೊಂಡಳು, ಕಾಲು ಹಿಡಿದಳು, ಡಾಕ್ಟರ್ ಹೇಳಿದ್ದನ್ನೆಲ್ಲ ಒದರಿದಳು. "ಸುಳ್ಳು," ಎಂದಳು ಮುದುಕಿ. ಯೂಸುಫಸಾಬನ ಮುಂದೆ ಅತ್ತಳು. ಅವನು ತಾಯಿಯ ಮುಂದೆ ನಿಂತು, "ಅಮ್ಮಾ, ಸ್ವಲ್ಪ..." ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಅಂದು ಅಂಗಡಿಗೆ ಹೋದ. ಒಂದೇ ಒಂದು ಮಾತು ಉಳಿದಿತ್ತು. ಅದನ್ನು ಹೇಳಿದ್ದರೆ ಮುದುಕಿಯ ಕೈಯಿಂದ ಬಟ್ಟಲು ಬೀಳುತ್ತಿತ್ತು. ಮುಮ್ತಾಜಬಿ ಹೊಸ್ತಿಲವರೆಗೆ ಹೋಗುವಳು, ಬಾಯಿ ತೆರೆಯುವಳು, ಮೆಹಬೂಬನ ಹೆಸರು ಗಂಟಲಿಗೆ ಬರುವುದು, ಅಲ್ಲೇ ಸಿಕ್ಕಿಕೊಳ್ಳುವುದು. ಹೇಳಿದರೆ ತನ್ನ ಕೈಯಾರೆ ಮಗನನ್ನು ಕೊಂದೆ ಎಂದು ಒಪ್ಪಿಕೊಂಡಂತೆ. ಅದನ್ನು ಹೇಳಿದ ಬಾಯಲ್ಲಿ ಮತ್ತೆ ಅನ್ನ ಉಣ್ಣುವುದು ಹೇಗೆ? ನಾಳೆ ಹೇಳೋಣ, ಇವತ್ತು ಮಗಳು ಚೆನ್ನಾಗಿಯೇ ಇದ್ದಾಳಲ್ಲ ಎಂದು ಹಿಂದಿರುಗುವಳು. ಬಿಸಿ ತುಪ್ಪ ಬಾಯಲ್ಲಿ, ನುಂಗಲೂ ಆಗದು ಉಗುಳಲೂ ಆಗದು ಎಂಬ ಪಾಡು.

ಜುಬೇದಾ ಈಗ ನಗುತ್ತಿರಲಿಲ್ಲ. ತುಟಿ ಒಡೆದಿದ್ದವು. "ಅಮ್ಮಾ, ಬಾಯಿ ಒಣಗಾಕತ್ತೇತಿ," ಎಂದು ಅವಳು ಒಳಗಿಂದ ಅಂದರೆ, ಅಜ್ಜಿ ಎರಡು ಗುಟುಕು ಕುದಿಸಿದ ಅಜವಾನದ ನೀರು ಕೊಟ್ಟು, ಸಾಕು ಎನ್ನುವಳು.

ತಲೆನೋವು ಒಂದು ಬುಧವಾರ ಶುರುವಾಯಿತು. ಬಾಣಂತಿಯ ತಲೆಶೂಲೆ ಎಂದು ರಹಿಮತಬಿ ಹಣೆಗೆ ಶುಂಠಿ ಅರೆದು ಹಚ್ಚಿ, ಬಿಗಿಯಾಗಿ ಪಟ್ಟಿ ಕಟ್ಟಿದಳು. ಗುರುವಾರ ಮುಮ್ತಾಜಬಿ ಜೀಪು ತರಿಸಿ ಎಂದಳು. ಎಳೆ ಕೂಸನ್ನು, ಹಸಿ ಬಾಣಂತಿಯನ್ನು ಗಾಳಿಗೆ ಹಾಕುತ್ತಾರೇನು ಎಂದು ಮುದುಕಿ ಅಡ್ಡ ಮಲಗಿದಳು. ಶುಕ್ರವಾರ ಮುಂಜಾನೆ ಜುಬೇದಾ ವಾಂತಿ ಮಾಡಿಕೊಂಡಳು. ಬೆಳಕು ಬೇಡ, ಬಾಗಿಲು ಹಾಕಿರಿ ಎಂದು ನರಳಿದಳು. ಆಗಲೂ ರಹಿಮತಬಿ ಬಟ್ಟಲಲ್ಲಿ ಸೂಪು ಹಿಡಿದು ಹೊರಸಿನ ಪಕ್ಕ ಕುಳಿತಿದ್ದಳು. "ಹೊಟ್ಟಿ ಖಾಲಿ ಆಗೇತಿ, ಅದಕ್ಕ ತಲಿ ಸಿಡೀತೈತಿ. ಬಾಯಿ ತಗಿ ನನ್ನವ್ವ."

ಮುಮ್ತಾಜಬಿ ಹೊಸ್ತಿಲ ಮೇಲಿನ ಹಾಸಿಗೆಯನ್ನು ತುಳಿದುಕೊಂಡೇ ಒಳಗೆ ಬಂದಳು.

"ಫುಪ್ಪು, ಆ ಬಟ್ಟಲಾ ಕೆಳಗ ಇಡ್ರಿ."

"ಹೋಗ ಆಚೆ."

"ಇಡ್ರಿ ಅಂದೆ! ಮೆಹಬೂಬನ್ನ ಕೊಂದಿದ್ದು ಗಾಳಿ ಅಲ್ಲ, ದೃಷ್ಟಿ ಅಲ್ಲ. ನಾನು! ನಾ ಕೊಂದೆ! ಅವಗೂ ಇದ ಬ್ಯಾನಿ ಇತ್ತು. ಬ್ಯಾಡ ಬ್ಯಾಡ ಅಂದ್ರೂ ದಿನಾ ತತ್ತಿ ತುರುಕಿ ತುರುಕಿ ನನ್ನ ಮಗನ್ನ ನಾ ಕೊಂದೆ. ಈಗ ಇಕೀನ್ನ ನೀವು ಕೊಲ್ಲಾಕತ್ತೀರಿ. ಬಿಡ್ರಿ, ನಿಮ್ಮ ಕಾಲು ಬೀಳ್ತೀನಿ, ಇದೊಂದನ್ನ ನನಗ ಬಿಡ್ರಿ!"

ಹೇಳಿಯಾಯಿತು. ನಾಲ್ಕು ವರ್ಷ ಗಂಟಲಲ್ಲಿದ್ದದ್ದು ಹೊರಗೆ ಬಿದ್ದಿತು. ಮುದುಕಿ ಕೂಗುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಬಿದ್ದೇ ಹೋಗುತ್ತಾಳೆ ಎಂದು ಮುಮ್ತಾಜಬಿ ಗೋಡೆ ಹಿಡಿದು ನಿಂತಳು. ರಹಿಮತಬಿ ಬಟ್ಟಲನ್ನು ನಿಧಾನ ನೆಲಕ್ಕಿಟ್ಟಳು.

"ಗೊತ್ತೈತಿ," ಎಂದಳು.

"ಏನಂದ್ರಿ?"

"ಗೊತ್ತೈತಿ ನನಗ. ಆವತ್ತು ರಾಣೆಬೆನ್ನೂರಿಂದ ಬಂದು ತತ್ತಿ ತಿನ್ನಬಾರದಂತ ಅಂದ್ಯಲ್ಲ, ಆವಾಗ ತಿಳೀತು. ನಿನ್ನ ಮಾರಿ ನೋಡೇ ತಿಳೀತು. ನಾ ಏನು ಸಣ್ಣ ಕೂಸಲ್ಲ." ಆಕೆ ಬಟ್ಟಲನ್ನು ಹೊರಸಿನ ಕೆಳಗೆ ಸರಿಸಿದಳು. "ಡಾಕ್ಟರ್ ಅಂದದ್ದು ಖರೇ ಅಂತ ನಾ ಒಪ್ಪಿದೆ ಅಂದ್ರ, ಹುಡುಗ ನಿನ್ನ ಕೈಯಾಗ ಸತ್ತ ಅಂತ ಒಪ್ಪಿದಂಗ. ನನ್ನ ಅಣ್ಣನ ಮಗಳು ನೀನು, ಎತ್ತಿ ಆಡಿಸೇನಿ. ಆ ಮಾತು ಕೇಳಿ ನೀ ಬದಕ್ತಿದ್ದೇನು? ಬಾವಿ ನೋಡಕೋತಿದ್ದಿ. ಅದಕ್ಕ ಸುಳ್ಳು ಅಂದೆ. ನೀ ಹೌದು ಅಂದಷ್ಟೂ ನಾ ಸುಳ್ಳು ಅಂದೆ. ಸುಳ್ಳು ಅಂದಮ್ಯಾಲೆ ತಿನ್ನಸಬೇಕಲ್ಲ, ತಿನ್ನಿಸಿದೆ. ತಿನ್ನಿಸಿ ತಿನ್ನಿಸಿ ಕಡೀಕ ನನಗೂ ಅದು ಸುಳ್ಳ ಅನಿಸಿಬಿಡ್ತು ಮುಮ್ತಾಜ. ಯಾ ಅಲ್ಲಾ, ಖರೇನೇ ಅನಿಸಿಬಿಡ್ತು."

ಮುಮ್ತಾಜಬಿಗೆ ಅಳಬೇಕೋ, ಆ ಮುದುಕಿಯ ಕತ್ತು ಹಿಚುಕಬೇಕೋ, ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

"ಅಮ್ಮಾ," ಎಂದಳು ಜುಬೇದಾ ಹೊರಸಿನ ಮೇಲಿಂದ. ಮಾತು ತೊದಲುತ್ತಿತ್ತು. "ನನ್ನ ಬಲಗೈ... ಎಲ್ಲೈತಿ?"

ಕೈ ಅಲ್ಲೇ ಇತ್ತು, ದುಪ್ಪಟಿಯ ಮೇಲೆ. ರಹಿಮತಬಿ ಎದ್ದಳು. ಆ ವಯಸ್ಸಿಗೆ ಅಷ್ಟು ಲಗುಬಗೆ ಎಲ್ಲಿಂದ ಬಂತೋ, ಅಡುಗೆಮನೆಗೆ ಓಡಿ ಹೋಗಿ ಚರಿಗೆಯ ತುಂಬ ತಣ್ಣೀರು ತಂದಳು. ಮೊಮ್ಮಗಳ ತಲೆಯನ್ನು ತೋಳಿನಲ್ಲಿ ಎತ್ತಿ ಹಿಡಿದು, "ಕುಡಿ ನನ್ನವ್ವ, ಎಷ್ಟು ಬೇಕಷ್ಟು ಕುಡಿ, ಎಲ್ಲಾ ಕುಡಿ," ಎಂದಳು. ನೀರು ಜುಬೇದಾಳ ಬಾಯಿಯ ಒಂದು ಮೂಲೆಯಿಂದ ಇಳಿದು ಕತ್ತಿಗೆ, ಕತ್ತಿನಿಂದ ರವಿಕೆಗೆ ಹರಿಯಿತು. ಒಳಗೆ ಹೋದದ್ದು ಬಹಳ ಕಡಿಮೆ.

ಜೀಪಿಗೆ ಹೇಳಿ ಕಳಿಸಿದವಳು ರಹಿಮತಬಿಯೇ. ಹೊಸ್ತಿಲಿನ ಹಾಸಿಗೆಯನ್ನು ಕಾಲಿನಿಂದ ಸರಿಸಿ, ಸಂದೂಕಿನ ಮಾತ್ರೆ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು, ಎಲ್ಲರಿಗಿಂತ ಮೊದಲು ಜೀಪು ಹತ್ತಿ ಕುಳಿತವಳೂ ಆಕೆಯೇ. ಹುಬ್ಬಳ್ಳಿಯ ದಾರಿಯಲ್ಲಿ ಜುಬೇದಾಳ ತಲೆ ತಾಯಿಯ ತೊಡೆಯ ಮೇಲೆ, ಕಾಲು ಅಜ್ಜಿಯ ತೊಡೆಯ ಮೇಲೆ. ಕೂಸನ್ನು ಸಿದ್ದವ್ವ ಎದೆಗವಚಿಕೊಂಡಿದ್ದಳು. ಸಿದ್ದವ್ವನೊಬ್ಬಳೇ ಅಳುತ್ತಿದ್ದಳು. ಹಾವೇರಿಯಲ್ಲಿ ಇಸಾಕಸಾಬ ಅಂಗಡಿಯ ಬಾಗಿಲು ಅರ್ಧ ಎಳೆದು ಓಡಿ ಬಂದು ಹತ್ತಿದ. ಯಾರಿಗೆ ಏನು ಕೇಳಬೇಕೋ ತಿಳಿಯದೆ, ಹೆಂಡತಿಯ ಬೆರಳು ಹಿಡಿದು ಕುಳಿತ.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು. ಜುಬೇದಾ ಉಳಿದಳು. ಉಳಿಯುತ್ತಾಳೋ ಇಲ್ಲವೋ ಎಂದು ಎಲ್ಲರೂ ಆಸೆ ಬಿಡುವ ಹೊತ್ತಿಗೆ ಕಣ್ಣು ತೆರೆದು ಕೂಸೆಲ್ಲಿ ಎಂದು ಕೇಳಿದಳು. ಮಾತು ಅರ್ಧ ಬಂತು. ಬಲಗೈ ಬರಲಿಲ್ಲ. ಕೂಸನ್ನು ಪಕ್ಕದಲ್ಲಿ ಮಲಗಿಸಿದರೆ, ಎತ್ತಿಕೊಳ್ಳಲು ಹೋಗಿ, ಆಗದೆ, ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಈ ಕೈಯ ಆಸೆ ಬಿಡಿ ಎಂದು ಅಲ್ಲಿಯವರು ಹೇಳಿದರು.

ಅಲ್ಲಿಯ ಹರೆಯದ ಡಾಕ್ಟರು ಅಂದಾನೆಪ್ಪನವರ ಚೀಟಿಯನ್ನು ಓದಿ, ವರಾಂಡದಲ್ಲಿ ಕುಳಿತಿದ್ದ ಇಬ್ಬರು ಹೆಂಗಸರ ಹತ್ತಿರ ಬಂದರು. ಅವರಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. "ಮೂರು ದಿವಸ ತಲಿನೋವು ಇಟಗೊಂಡು ಕುಂತೀರಲ್ಲ! ಇದಾಗತೈತಿ ಅಂತ ನಿಮಗ ಯಾರೂ ಹೇಳಿರಲಿಲ್ಲೇನು?"

"ಹೇಳಿದ್ರು," ಎಂದಳು ಮುಮ್ತಾಜಬಿ.

"ನನಗೂ ಗೊತ್ತಿತ್ತು," ಎಂದಳು ರಹಿಮತಬಿ.

"ಗೊತ್ತಿದ್ದೂ ಹಿಂಗ ಮಾಡಿದ್ರೇನು? ಆ ಹುಡುಗೀನ್ನ ಉಳಸಬೇಕು ಅಂತ ಒಬ್ಬರಿಗರೆ ಅನಸಲಿಲ್ಲ?"

ರಹಿಮತಬಿ ಸೊಸೆಯ ಕೈ ಹುಡುಕಿ ಹಿಡಿದುಕೊಂಡಳು.

"ಆಕೀನ್ನ ಬಿಟ್ಟುಬಿಟ್ವಿ ಸಾಹೇಬ್ರ," ಎಂದಳು. "ನಾನು ಇಕೀನ್ನ ಉಳಸಾಕತ್ತಿದ್ದೆ. ಇಕಿ ನನ್ನ ಉಳಸಾಕತ್ತಿದ್ಲು."

ಡಾಕ್ಟರಿಗೆ ಅದು ತಿಳಿಯಲಿಲ್ಲ. ಒಳಗೆ ಕೂಸು ಅಳತೊಡಗಿತ್ತು. ಅದನ್ನು ಎತ್ತಿ ಜುಬೇದಾಳ ಎದೆಗೆ ಹಿಡಿಯಲು ಇಬ್ಬರೂ ಎದ್ದು ಹೋದರು.